ಮೇದೋಜೀರಕ ಲೈಪೇಸ್: ಔಷಧದ ಗುರಿಯಾದ ಒಂದು ಕಿಣ್ವದ ಪರಿಚಯ

ಭತ್ತದ ತೌಡಿನ ವ್ಯವಹಾರದಲ್ಲಿ ತೊಡಗಿರುವ ನಮ್ಮ ಸದಸ್ಯರಿಗೆ ಒಂದು ಸಂಗತಿ ಅನುಭವದಿಂದಲೇ ತಿಳಿದಿರುತ್ತದೆ. ಗಿರಣಿಯಿಂದ ಹೊರಬಿದ್ದ ತೌಡನ್ನು ತಡಮಾಡದೆ ಎಣ್ಣೆ ತೆಗೆಯುವ ಕಾರ್ಖಾನೆಗೆ ಸಾಗಿಸಬೇಕು, ಇಲ್ಲವೇ ಬಿಸಿ ಹಾಯಿಸಿ ಸ್ಥಿರಗೊಳಿಸಬೇಕು. ಹಾಗೆ ಮಾಡದೆ ಚೀಲಗಳಲ್ಲಿ ಪೇರಿಸಿಟ್ಟರೆ ಅದರೊಳಗಿನ ಎಣ್ಣೆಯ ಆಮ್ಲಾಂಶ ದಿನದಿಂದ ದಿನಕ್ಕೆ ಏರುತ್ತದೆ. ತೇವ ಮತ್ತು ಸೆಕೆ ಹೆಚ್ಚಾಗಿರುವ ಕಾಲದಲ್ಲಿ ಈ ಏರಿಕೆ ದಿನಕ್ಕೆ ಶೇಕಡಾ 5ರಿಂದ 7ರಷ್ಟಿರುವುದೂ ಉಂಟು. ವ್ಯಾಪಾರಿಗಳು ಎಫ್.ಎಫ್.ಎ. ಎಂದು ಕರೆಯುವ ಈ ಅಂಕಿಯ ಮೇಲೆಯೇ ತೌಡಿನ ದರ ನಿಂತಿದೆ. ಆಮ್ಲಾಂಶ ಮಿತಿ ಮೀರಿದ ತೌಡಿನಿಂದ ಖಾದ್ಯ ತೈಲ ತೆಗೆಯುವುದು ನಷ್ಟದ ಬಾಬತ್ತು. ಅದು ಸಾಬೂನಿನ ಕಾರ್ಖಾನೆಗೆ ಹೋಗುತ್ತದೆ.

ಈ ನಷ್ಟಕ್ಕೆ ಕಾರಣವಾದ ವಸ್ತುವಿನ ಹೆಸರು ಲೈಪೇಸ್. ಕೊಬ್ಬು ಮತ್ತು ಎಣ್ಣೆಗಳನ್ನು ಒಡೆಯುವ ಕಿಣ್ವಗಳಿಗೆಲ್ಲ ಇದು ಸಾಮಾನ್ಯ ಹೆಸರು. ಇಡಿಯಾದ ಭತ್ತದ ಕಾಳಿನಲ್ಲಿ ಎಣ್ಣೆ ಒಂದು ಪದರದಲ್ಲಿಯೂ ಕಿಣ್ವ ಇನ್ನೊಂದು ಪದರದಲ್ಲಿಯೂ ಇರುವುದರಿಂದ ಅವು ಒಂದನ್ನೊಂದು ಸೇರುವುದಿಲ್ಲ. ಗಿರಣಿಯಲ್ಲಿ ಕಾಳು ಉಜ್ಜಲ್ಪಟ್ಟು ಪದರಗಳು ಬೆರೆತ ಕ್ಷಣದಿಂದ ಕಿಣ್ವ ತನ್ನ ಕೆಲಸವನ್ನು ಆರಂಭಿಸುತ್ತದೆ. ಇದೇ ಬಗೆಯ, ಆದರೆ ಬಹಳ ಹೆಚ್ಚು ಸಮರ್ಥವಾದ ಒಂದು ಕಿಣ್ವ ನಮ್ಮೆಲ್ಲರ ಮೇದೋಜೀರಕ ಗ್ರಂಥಿಯಲ್ಲಿಯೂ ಇದೆ. ನಾವು ಉಣ್ಣುವ ತುಪ್ಪ, ಕೊಬ್ಬರಿ ಎಣ್ಣೆ, ಕಡಲೆಕಾಯಿ ಎಣ್ಣೆಗಳು ಮೈಗೆ ಹತ್ತುವುದು ಅದರ ದೆಸೆಯಿಂದ. ಅದನ್ನು ತಡೆದರೆ ಮೈಗೆ ಹತ್ತುವ ಕೊಬ್ಬು ಕಡಿಮೆಯಾದೀತು ಎಂಬ ಎಣಿಕೆಯ ಮೇಲೆ ಜಗತ್ತಿನಾದ್ಯಂತ ಮಾರಾಟವಾಗುವ ಒಂದು ಔಷಧ ಹುಟ್ಟಿದೆ. ಆ ಔಷಧದ ನೆರಳಿನಲ್ಲಿ ಅಸಂಖ್ಯ ಪುಡಿಗಳು, ಕಷಾಯಗಳು, ಚಹಾ ಪೊಟ್ಟಣಗಳು ಹುಟ್ಟಿಕೊಂಡಿವೆ.

ಈ ಲೇಖನಕ್ಕೆ ಪ್ರೇರಣೆಯಾದದ್ದು ಆ ಪುಡಿಗಳೇ. ಗಿಡಮೂಲಿಕೆಗಳ ಪುಡಿಗಳನ್ನು ಸಣ್ಣ ಪ್ರಮಾಣದಲ್ಲಿ ತಯಾರಿಸುವ ನಮ್ಮ ಸದಸ್ಯರೊಬ್ಬರು ಕೆಲವು ದಿನಗಳ ಹಿಂದೆ ಒಂದು ಪರೀಕ್ಷಾ ವರದಿಯನ್ನು ನನ್ನ ಮುಂದಿಟ್ಟರು. ಹೊರರಾಜ್ಯದ ಸರಬರಾಜುದಾರನೊಬ್ಬ ಒಂದು ಸಾರದ ಪುಡಿಯನ್ನು ಅವರಿಗೆ ಮಾರಲು ಮುಂದೆ ಬಂದಿದ್ದ. ಆ ಸಾರವು ‘ಮೇದೋಜೀರಕ ಲೈಪೇಸನ್ನು ಅರ್ಧಕ್ಕಿಂತ ಹೆಚ್ಚು ತಡೆಯುತ್ತದೆ’ ಎಂದು ವರದಿಯಲ್ಲಿ ಮುದ್ರಿತವಾಗಿತ್ತು. ‘ಅರ್ಧ ಕಿಣ್ವ ತಡೆದರೆ ಅರ್ಧ ಕೊಬ್ಬು ತಡೆದಂತಲ್ಲವೇ? ಪೊಟ್ಟಣದ ಮೇಲೆ ಹಾಗೆಂದು ಅಚ್ಚು ಹಾಕಿಸಬಹುದೇ?’ ಎಂಬುದು ಅವರ ಪ್ರಶ್ನೆ. ಅವರು ಹೂಡಲಿದ್ದ ಹಣ ಸಣ್ಣದಾಗಿರಲಿಲ್ಲ. ಪ್ರಶ್ನೆ ನೇರವಾಗಿದೆ. ಆದರೆ ಉತ್ತರ ಹೇಳಬೇಕಾದರೆ ಕಿಣ್ವದ ಒಡಲೊಳಗೆ ಸ್ವಲ್ಪ ಇಣುಕಿ ನೋಡುವುದು ಅನಿವಾರ್ಯವಾಗುತ್ತದೆ.

ಕೊಬ್ಬು ಒಡೆಯುವ ಬಗೆ

ಎಣ್ಣೆಯಾಗಲಿ ತುಪ್ಪವಾಗಲಿ, ಅದರ ಬಹುಪಾಲು ಟ್ರೈಗ್ಲಿಸರೈಡ್ ಎಂಬ ಅಣುಗಳಿಂದ ಆದದ್ದು. ಗ್ಲಿಸರಾಲ್ ಎಂಬ ಒಂದು ಗಿಡ್ಡ ಹಿಡಿಗೆ ಮೂರು ಉದ್ದನೆಯ ಕೊಬ್ಬಿನಾಮ್ಲದ ಸರಪಳಿಗಳು ಅಂಟಿಕೊಂಡಿರುವ ರೂಪವನ್ನು ಕಲ್ಪಿಸಿಕೊಳ್ಳಬಹುದು. ಈ ಅಣು ಇಡಿಯಾಗಿ ಕರುಳಿನ ಗೋಡೆಯನ್ನು ದಾಟಲಾರದು. ಮೇದೋಜೀರಕ ಲೈಪೇಸ್ ಇದರ ಎರಡು ತುದಿಯ ಸರಪಳಿಗಳನ್ನು ಕತ್ತರಿಸಿ ನಡುವಿನದನ್ನು ಹಾಗೆಯೇ ಬಿಡುತ್ತದೆ. ಬಿಡಿಯಾದ ಎರಡು ಕೊಬ್ಬಿನಾಮ್ಲಗಳೂ ಒಂದು ಸರಪಳಿಯುಳ್ಳ ಶೇಷವೂ ಪಿತ್ತಲವಣಗಳ ನೆರವಿನಿಂದ ಕರುಳಿನ ಗೋಡೆಯನ್ನು ಸೇರಿ, ಅಲ್ಲಿ ಮತ್ತೆ ಜೋಡಿಸಲ್ಪಟ್ಟು ದೇಹದೊಳಕ್ಕೆ ಹೋಗುತ್ತವೆ. ತೌಡಿನಲ್ಲಿ ಎಫ್.ಎಫ್.ಎ. ಎನ್ನಿಸಿಕೊಂಡು ದರ ಇಳಿಸುವ ವಸ್ತುವೇ ಹೊಟ್ಟೆಯಲ್ಲಿ ಪಚನದ ಫಲವಾಗಿದೆ.

ಈ ಕೆಲಸ ಮೇದೋಜೀರಕದ್ದೆಂದು ತೋರಿಸಿಕೊಟ್ಟವನು ಫ್ರಾನ್ಸಿನ ಶರೀರಶಾಸ್ತ್ರಜ್ಞ ಕ್ಲೋದ್ ಬರ್ನಾರ್. 1840ರ ದಶಕದಲ್ಲಿ ಮೊಲಗಳ ಕರುಳನ್ನು ಪರೀಕ್ಷಿಸುತ್ತಿದ್ದಾಗ ಅವನು ಒಂದು ವಿಚಿತ್ರವನ್ನು ಕಂಡನು. ಕೊಬ್ಬು ತಿಂದ ಪ್ರಾಣಿಯಲ್ಲಿ ಕರುಳಿನಿಂದ ಹೊರಡುವ ಸೂಕ್ಷ್ಮ ನಾಳಗಳು ಹಾಲಿನಂತೆ ಬೆಳ್ಳಗಾಗುತ್ತವೆ. ಮೊಲದಲ್ಲಿ ಪಿತ್ತನಾಳವು ಕರುಳನ್ನು ಸೇರುವ ಸ್ಥಳಕ್ಕಿಂತ ಬಹಳ ಕೆಳಗೆ ಮೇದೋಜೀರಕದ ನಾಳ ಸೇರುತ್ತದೆ. ಬಿಳಿಯ ನಾಳಗಳು ಕಾಣಿಸಿಕೊಂಡದ್ದು ಈ ಎರಡನೆಯ ಸ್ಥಳದಿಂದ ಮುಂದಕ್ಕೆ ಮಾತ್ರ. ಪಿತ್ತರಸ ಒಂದೇ ಸಾಲದು, ಮೇದೋಜೀರಕದ ರಸ ಬಂದು ಕೂಡಿದ ಮೇಲೆಯೇ ಕೊಬ್ಬು ಮೈಗೆ ಹತ್ತುತ್ತದೆ ಎಂದು ಅವನು ತೀರ್ಮಾನಿಸಿದನು.

ಇಲ್ಲಿ ಒಂದು ತೊಡಕಿದೆ. ಕಿಣ್ವ ನೀರಿನಲ್ಲಿ ಕರಗುವ ವಸ್ತು. ಎಣ್ಣೆ ನೀರಿನಲ್ಲಿ ಕರಗದ ವಸ್ತು. ಇವೆರಡೂ ಸಂಧಿಸುವುದು ಎಣ್ಣೆಯ ಹನಿಯ ಮೇಲ್ಮೈಯಲ್ಲಿ ಮಾತ್ರ. ಹನಿಗಳು ಎಷ್ಟು ಸಣ್ಣವಾದರೆ ಒಟ್ಟು ಮೇಲ್ಮೈ ಅಷ್ಟು ಹೆಚ್ಚು. ಪಿತ್ತರಸವು ಸಾಬೂನಿನಂತೆ ವರ್ತಿಸಿ ಹನಿಗಳನ್ನು ನುಣ್ಣಗೆ ಒಡೆಯುವುದು ಈ ಕಾರಣಕ್ಕಾಗಿ. 1958ರಲ್ಲಿ ಫ್ರಾನ್ಸಿನ ಮಾರ್ಸೇಲ್ ನಗರದಲ್ಲಿ ಸಾರ್ದಾ ಮತ್ತು ದೆನ್ಯೂಯೆಲ್ ಎಂಬ ವಿಜ್ಞಾನಿಗಳು ಒಂದು ಮಹತ್ವದ ಸಂಗತಿಯನ್ನು ಪ್ರಕಟಿಸಿದರು. ಒಡೆಯಬೇಕಾದ ವಸ್ತು ನೀರಿನಲ್ಲಿ ಕರಗಿರುವ ತನಕ ಹಂದಿಯ ಮೇದೋಜೀರಕ ಲೈಪೇಸ್ ಬಹುಮಟ್ಟಿಗೆ ಸುಮ್ಮನಿರುತ್ತದೆ. ವಸ್ತುವಿನ ಪ್ರಮಾಣ ಕರಗುವ ಮಿತಿಯನ್ನು ಮೀರಿ ಹನಿಗಳಾಗಿ ಬೇರ್ಪಟ್ಟೊಡನೆ ಕಿಣ್ವದ ವೇಗ ಥಟ್ಟನೆ ಏರುತ್ತದೆ. ಅಂದರೆ ಮೇಲ್ಮೈಯೊಂದು ಎದುರಾದಾಗ ಮಾತ್ರ ಈ ಕಿಣ್ವ ಎಚ್ಚರಗೊಳ್ಳುತ್ತದೆ. ಓದುಗರು ಈ ಒಂದು ವಾಕ್ಯವನ್ನು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ನಮ್ಮ ಸದಸ್ಯರ ಪರೀಕ್ಷಾ ವರದಿಯ ಹುಳುಕು ಇಲ್ಲಿಯೇ ಅಡಗಿದೆ.

ಮುಚ್ಚಳವುಳ್ಳ ಅಣು

ಕಿಣ್ವ ಹೀಗೇಕೆ ವರ್ತಿಸುತ್ತದೆ ಎಂಬುದು ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಒಗಟಾಗಿಯೇ ಉಳಿಯಿತು. 1990ರಲ್ಲಿ ಸ್ವಿಟ್ಜರ್ಲೆಂಡಿನ ರೋಶ್ ಕಂಪನಿಯ ವಿಜ್ಞಾನಿಗಳು ಕ್ಷ-ಕಿರಣಗಳ ಸಹಾಯದಿಂದ ಮನುಷ್ಯನ ಮೇದೋಜೀರಕ ಲೈಪೇಸಿನ ಆಕಾರವನ್ನು ಬಿಡಿಸಿದರು. 449 ಅಮೈನೊ ಆಮ್ಲಗಳ ಮಾಲೆಯೊಂದು ಮಡಿಚಿಕೊಂಡು ಎರಡು ಭಾಗಗಳಾಗಿ ನಿಂತಿರುತ್ತದೆ. ಮೊದಲ 336 ಆಮ್ಲಗಳ ದೊಡ್ಡ ಭಾಗದಲ್ಲಿ ಕತ್ತರಿಸುವ ಸ್ಥಾನವಿದೆ. ಉಳಿದವು ಸೇರಿ ಆದ ಸಣ್ಣ ಭಾಗ ಒಬ್ಬ ಸಹಾಯಕನನ್ನು ಹಿಡಿದುಕೊಳ್ಳುವುದಕ್ಕಾಗಿ ಇದೆ.

ಕತ್ತರಿಸುವ ಸ್ಥಾನದಲ್ಲಿ ಮೂರು ಅಮೈನೊ ಆಮ್ಲಗಳು ಒಟ್ಟುಗೂಡಿ ದುಡಿಯುತ್ತವೆ: 152ನೆಯ ಸ್ಥಾನದ ಸೆರಿನ್, 176ನೆಯದಾದ ಆಸ್ಪಾರ್ಟಿಕ್ ಆಮ್ಲ ಮತ್ತು 263ನೆಯದಾದ ಹಿಸ್ಟಿಡಿನ್. ಮಾಲೆಯಲ್ಲಿ ದೂರದೂರವಿದ್ದರೂ ಮಡಿಕೆಯಿಂದಾಗಿ ಅವು ಪಕ್ಕಪಕ್ಕಕ್ಕೆ ಬಂದಿವೆ. ಉಳಿದಿಬ್ಬರ ಬೆಂಬಲದಿಂದ ಸೆರಿನ್ ಕೊಬ್ಬಿನ ಸರಪಳಿಯನ್ನು ಕಿತ್ತು ಒಂದು ಕ್ಷಣ ತನ್ನ ಮೈಗೇ ಅಂಟಿಸಿಕೊಳ್ಳುತ್ತದೆ. ಆಮೇಲೆ ನೀರಿನ ಅಣುವೊಂದು ಬಂದು ಆ ಸರಪಳಿಯನ್ನು ಬಿಡಿಸಿಕೊಂಡು ಹೋಗುತ್ತದೆ. ಸೆರಿನ್ ತೆರವಾಗಿ ಮುಂದಿನ ಸರಪಳಿಗೆ ಸಿದ್ಧವಾಗುತ್ತದೆ. ಹಿಡಿಯುವುದು ಮತ್ತು ಬಿಡುವುದು, ಈ ಎರಡು ಹೆಜ್ಜೆಗಳು ಎಡೆಬಿಡದೆ ನಡೆಯುತ್ತವೆ. ಒಂದೇ ಕಿಣ್ವದ ಅಣು ಲೆಕ್ಕವಿಲ್ಲದಷ್ಟು ಕೊಬ್ಬನ್ನು ಒಡೆಯಬಲ್ಲುದು ಇದರಿಂದಲೇ.

ರಚನೆ ತಿಳಿದಾಗ ಕಂಡ ಸೋಜಿಗವೆಂದರೆ ಆ ಸೆರಿನ್ ಹೊರಗೆ ಕಾಣುವಂತಿರಲಿಲ್ಲ. 237ರಿಂದ 261ನೆಯ ಆಮ್ಲದವರೆಗಿನ ಒಂದು ಕುಣಿಕೆ ಅದರ ಮೇಲೆ ಮುಚ್ಚಳದಂತೆ ಕವಿದುಕೊಂಡಿತ್ತು. ಮುಚ್ಚಳ ಹಾಕಿದ್ದಾಗ ಕೊಬ್ಬು ಒಳಗೆ ಹೋಗುವ ಮಾತೇ ಇಲ್ಲ. ಸಾರ್ದಾ ಮತ್ತು ದೆನ್ಯೂಯೆಲ್ ಕಂಡ ಒಗಟಿಗೆ ಇದೇ ಉತ್ತರವೆಂದು ಆಗಲೇ ಊಹಿಸಲಾಯಿತು. 1993ರಲ್ಲಿ ಮಾರ್ಸೇಲಿನ ವಿಜ್ಞಾನಿಗಳು ಮುಚ್ಚಳ ತೆರೆದುಕೊಂಡಿರುವ ರೂಪವನ್ನೂ ಬಿಡಿಸಿ ತೋರಿಸಿದಾಗ ಊಹೆ ದೃಢಪಟ್ಟಿತು. ಎಣ್ಣೆಯ ಹನಿಯ ಹತ್ತಿರ ಬಂದಾಗ ಮುಚ್ಚಳ ಪಕ್ಕಕ್ಕೆ ಸರಿಯುತ್ತದೆ. ಅದರ ಒಳಮುಖವೂ ಬಯಲಾದ ಕುಳಿಯ ಅಂಚುಗಳೂ ಎಣ್ಣೆಯನ್ನು ಒಲಿಯುವ ಗುಣದವು. ಹೀಗಾಗಿ ಕಿಣ್ವವು ಬಾಯ್ದೆರೆದು ಹನಿಯ ಮೇಲೆ ಬೋರಲಾಗಿ ಕುಳಿತುಕೊಳ್ಳುತ್ತದೆ. ಅಂಗಡಿಯ ಷಟರ್ ಗಿರಾಕಿ ಬಂದಾಗ ಮಾತ್ರ ತಾನೇ ಮೇಲೇಳುವಂತಿದ್ದರೆ ಹೇಗಿರುತ್ತದೋ ಹಾಗೆ.

ಸಹಾಯಕನ ಮಾತು ಹೇಳಿದೆನಷ್ಟೆ. ಅದರ ಹೆಸರು ಕೋಲೈಪೇಸ್, ಅದೂ ಮೇದೋಜೀರಕದಿಂದಲೇ ಬರುವ ಪುಟ್ಟ ಪ್ರೋಟೀನು. ಅದರ ಅಗತ್ಯ ಹೀಗಿದೆ: ಹನಿಗಳನ್ನು ಒಡೆಯುವ ಪಿತ್ತಲವಣಗಳೇ ಹನಿಯ ಮೇಲ್ಮೈಯನ್ನೆಲ್ಲ ಆವರಿಸಿಕೊಂಡು ಕಿಣ್ವವನ್ನು ಅಲ್ಲಿಂದ ತಳ್ಳಿಬಿಡುತ್ತವೆ. ಕೋಲೈಪೇಸ್ ಒಂದು ಕಡೆ ಹನಿಗೂ ಇನ್ನೊಂದು ಕಡೆ ಕಿಣ್ವದ ಸಣ್ಣ ಭಾಗಕ್ಕೂ ಅಂಟಿಕೊಂಡು ಲಂಗರಿನಂತೆ ಹಿಡಿಯುತ್ತದೆ. ತೆರೆದ ಮುಚ್ಚಳವನ್ನೂ ಆತುಕೊಳ್ಳುತ್ತದೆ. ಎಣ್ಣೆಯ ಹನಿ, ಪಿತ್ತಲವಣ, ಕೋಲೈಪೇಸ್, ಲೈಪೇಸ್ ಈ ನಾಲ್ಕೂ ಕೂಡಿದರೆ ಮಾತ್ರ ಕರುಳಿನಲ್ಲಿ ಈ ವ್ಯವಹಾರ ನಡೆಯುತ್ತದೆ. ಯಾವುದೊಂದು ಇಲ್ಲದ ಪರೀಕ್ಷೆಯೂ ಕರುಳಿನ ಸ್ಥಿತಿಯನ್ನು ಪ್ರತಿನಿಧಿಸಲಾರದು.

ಮುಚ್ಚಳದ ತತ್ತ್ವ ಔಷಧೋದ್ಯಮಕ್ಕಷ್ಟೇ ಸೀಮಿತವಾಗಲಿಲ್ಲ. ಅದೇ 1990ರಲ್ಲಿ ಬೂಷ್ಟಿನ ಲೈಪೇಸೊಂದರ ರಚನೆಯೂ ಪ್ರಕಟವಾಯಿತು, ಅಲ್ಲಿಯೂ ಮುಚ್ಚಳವಿತ್ತು. ಬಟ್ಟೆಯ ಎಣ್ಣೆಯ ಕಲೆ ತೆಗೆಯಲು ಡೆನ್ಮಾರ್ಕಿನ ನೋವೋ ಕಂಪನಿ 1988ರಲ್ಲಿಯೇ ಬೂಷ್ಟಿನ ಲೈಪೇಸನ್ನು ಒಗೆಯುವ ಪುಡಿಗೆಂದು ಮಾರುಕಟ್ಟೆಗೆ ತಂದಿತ್ತು. ಡಿಟರ್ಜೆಂಟ್ ತಯಾರಿಸುವ ಸದಸ್ಯರಿಗೆ ಇದರ ಪರಿಚಯವಿರಬಹುದು.

ಕೀಲಿಗೆ ಸಿಕ್ಕಿಕೊಂಡ ಕಡ್ಡಿ

ಈಗ ಔಷಧದ ಮಾತು. ರೋಶ್ ಕಂಪನಿಯ ಸಂಶೋಧಕರು 1980ರ ದಶಕದಲ್ಲಿ ಮಣ್ಣಿನ ಸೂಕ್ಷ್ಮಜೀವಿಗಳನ್ನು ಜಾಲಾಡುತ್ತ ಸ್ಟ್ರೆಪ್ಟೊಮೈಸಿಸ್ ಟಾಕ್ಸಿಟ್ರಿಸಿನಿ ಎಂಬ ಬ್ಯಾಕ್ಟೀರಿಯಾದಿಂದ ಲಿಪ್‌ಸ್ಟಾಟಿನ್ ಎಂಬ ವಸ್ತುವನ್ನು ಬೇರ್ಪಡಿಸಿದರು. ಅದಕ್ಕೆ ಜಲಜನಕವನ್ನು ಕೂಡಿಸಿ ಸ್ಥಿರಗೊಳಿಸಿದಾಗ ಬಂದದ್ದೇ ಆರ್ಲಿಸ್ಟಾಟ್. ವನಸ್ಪತಿ ತಯಾರಿಕೆಯಲ್ಲಿ ಎಣ್ಣೆಗೆ ಜಲಜನಕ ಕೂಡಿಸುವುದನ್ನು ಬಲ್ಲವರಿಗೆ ಈ ಕ್ರಿಯೆ ಹೊಸದಲ್ಲ.

ಆರ್ಲಿಸ್ಟಾಟ್ ಅಣುವಿನ ಉದ್ದನೆಯ ಸರಪಳಿಗಳು ನೋಡುವುದಕ್ಕೆ ಕೊಬ್ಬಿನಂತೆಯೇ ಇವೆ. ನಡುವೆ ನಾಲ್ಕೇ ಪರಮಾಣುಗಳ ಒಂದು ಬಿಗಿಯಾದ ಉಂಗುರವಿದೆ. ಕಿಣ್ವ ಇದನ್ನು ಕೊಬ್ಬೆಂದೇ ಬಗೆದು ಕುಳಿಯೊಳಗೆ ತೆಗೆದುಕೊಳ್ಳುತ್ತದೆ. ಸೆರಿನ್ ಕೈಯಿಕ್ಕಿದೊಡನೆ ಉಂಗುರ ಬಿಚ್ಚಿಕೊಂಡು ಸೆರಿನ್‌ಗೆ ಅಂಟುತ್ತದೆ. ಮೊದಲನೆಯ ಹೆಜ್ಜೆ ಎಂದಿನಂತೆ ನಡೆಯಿತು. ಎರಡನೆಯ ಹೆಜ್ಜೆ, ಅಂದರೆ ನೀರು ಬಂದು ಬಿಡಿಸುವುದು, ಅತಿ ನಿಧಾನವಾಗಿಬಿಡುತ್ತದೆ. ಬೀಗದೊಳಗೆ ಮುರಿದುಕೊಂಡ ಕೀಲಿಯಂತೆ ಔಷಧ ಅಲ್ಲಿಯೇ ಕುಳಿತು ಕಿಣ್ವವನ್ನು ನಿಷ್ಕ್ರಿಯಗೊಳಿಸುತ್ತದೆ. ಜಠರದಲ್ಲಿರುವ ಲೈಪೇಸಿಗೂ ಇದೇ ಗತಿ.

ಈ ಔಷಧದ ಇನ್ನೊಂದು ವಿಶೇಷವೆಂದರೆ ಅದು ರಕ್ತಕ್ಕೆ ಸೇರಬೇಕಾಗಿಲ್ಲ. ಗುರಿಯಾದ ಕಿಣ್ವ ಕರುಳಿನ ಪೊಳ್ಳಿನಲ್ಲಿಯೇ ಇದೆ. ಸೇವಿಸಿದ ಔಷಧದ ಬಹುಪಾಲು ಮಲದ ಮೂಲಕ ಹೊರಗೆ ಹೋಗುತ್ತದೆ. ಗುರಿಯ ಆಯ್ಕೆಯಲ್ಲಿ ಇದೊಂದು ಜಾಣತನ. ಆದರೆ ಬೆಲೆ ತೆರದೆ ಏನೂ ದೊರೆಯುವುದಿಲ್ಲ. ಪಚನವಾಗದ ಎಣ್ಣೆ ಎಲ್ಲಿಗಾದರೂ ಹೋಗಬೇಕಷ್ಟೆ? ಜಿಡ್ಡಿನ ಭೇದಿ, ತಡೆಯಲಾಗದ ಶೌಚದ ಆತುರ, ಬಟ್ಟೆಗೆ ಎಣ್ಣೆಯ ಕಲೆ, ಇವು ಇದರ ಪ್ರಸಿದ್ಧ ಪರಿಣಾಮಗಳು. ಹೆಚ್ಚು ಜಿಡ್ಡು ತಿಂದವರಿಗೆ ಹೆಚ್ಚು ಶಿಕ್ಷೆ. ಕೊಬ್ಬಿನಲ್ಲಿ ಕರಗುವ ಎ, ಡಿ, ಇ, ಕೆ ಜೀವಸತ್ವಗಳೂ ಒಂದಿಷ್ಟು ನಷ್ಟವಾಗುತ್ತವೆ. ಥೈರಾಯ್ಡ್ ಮಾತ್ರೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್, ಅಂಗ ಕಸಿಯಾದವರು ಸೇವಿಸುವ ಸೈಕ್ಲೊಸ್ಪೋರಿನ್ ಮುಂತಾದವುಗಳ ಜೊತೆ ಎಚ್ಚರಿಕೆ ಬೇಕು. ವಿರಳವಾಗಿ ಯಕೃತ್ತಿಗೆ ತೀವ್ರ ಹಾನಿಯಾದ ವರದಿಗಳ ಮೇಲೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2010ರಲ್ಲಿ ಲೇಬಲಿನಲ್ಲಿ ಎಚ್ಚರಿಕೆಯನ್ನು ಸೇರಿಸಿತು.

ಇಷ್ಟೆಲ್ಲ ಆಗಿ ಫಲವೆಷ್ಟು? 120 ಮಿಲಿಗ್ರಾಂನಂತೆ ದಿನಕ್ಕೆ ಮೂರು ಬಾರಿ ಊಟದೊಂದಿಗೆ ತೆಗೆದುಕೊಂಡರೆ ಆಹಾರದ ಕೊಬ್ಬಿನ ಸುಮಾರು ಶೇಕಡಾ 30ರಷ್ಟು ಮೈಗೆ ಹತ್ತದೆ ಹೋಗುತ್ತದೆ. ಸ್ವೀಡನ್ನಿನಲ್ಲಿ 3,305 ಜನರ ಮೇಲೆ ನಾಲ್ಕು ವರ್ಷ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎಲ್ಲರೂ ಆಹಾರ ಮತ್ತು ವ್ಯಾಯಾಮದ ನಿಯಮಗಳನ್ನು ಪಾಲಿಸಿದ್ದರು. ಅವರಲ್ಲಿ ಆರ್ಲಿಸ್ಟಾಟ್ ಪಡೆದವರ ತೂಕ ಸರಾಸರಿ 5.8 ಕಿಲೊ ಇಳಿಯಿತು, ಹುಸಿಗುಳಿಗೆ ಪಡೆದವರದು 3.0 ಕಿಲೊ. ಮಧುಮೇಹಕ್ಕೆ ತುತ್ತಾದವರ ಪ್ರಮಾಣ ಕ್ರಮವಾಗಿ ಶೇಕಡಾ 6.2 ಮತ್ತು 9.0. ಪ್ರಯೋಜನ ನಿಜ, ಆದರೆ ಮಿತವಾದದ್ದು. ಇದು ಕಿಣ್ವವನ್ನು ಅಂಟಿ ಹಿಡಿದು ಬಿಡದ, ಅತ್ಯಂತ ಪ್ರಬಲವಾದ ಪ್ರತಿಬಂಧಕದ ಲೆಕ್ಕ ಎಂಬುದನ್ನು ಮರೆಯಬಾರದು.

ಹೆಚ್ಚುವರಿ ದಾಸ್ತಾನಿನ ಪ್ರಶ್ನೆ

ಪ್ರಬಲ ಔಷಧಕ್ಕೇ ಇಷ್ಟು ಅಲ್ಪ ಫಲವೇಕೆ? ಪ್ರಕೃತಿ ಈ ಕಿಣ್ವದ ವಿಷಯದಲ್ಲಿ ಮಾಡಿಟ್ಟಿರುವ ದಾಸ್ತಾನು ಬಹಳ ದೊಡ್ಡದು. ಮೇದೋಜೀರಕದ ರೋಗಿಗಳ ಮೇಲೆ ನಡೆದು 1973ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಅಧ್ಯಯನದ ಪ್ರಕಾರ ಲೈಪೇಸಿನ ಉತ್ಪತ್ತಿ ಸಹಜ ಪ್ರಮಾಣದ ಹತ್ತರಲ್ಲಿ ಒಂದು ಪಾಲಿಗಿಂತ ಕೆಳಗೆ ಇಳಿದಾಗ ಮಾತ್ರ ಮಲದಲ್ಲಿ ಕೊಬ್ಬು ಕಾಣಿಸಿಕೊಳ್ಳುತ್ತದೆ. ಹತ್ತು ಯಂತ್ರಗಳಿರುವ ಕಾರ್ಖಾನೆಯಲ್ಲಿ ಒಂದೇ ಯಂತ್ರ ದಿನದ ಕೆಲಸವನ್ನೆಲ್ಲ ಮುಗಿಸಬಲ್ಲುದಾದರೆ ಐದನ್ನು ನಿಲ್ಲಿಸಿದರೂ ಉತ್ಪಾದನೆ ಕುಂದುವುದಿಲ್ಲ. ನಮ್ಮ ಸದಸ್ಯರ ‘ಅರ್ಧ ಕಿಣ್ವ, ಅರ್ಧ ಕೊಬ್ಬು’ ಎಂಬ ಲೆಕ್ಕ ತಪ್ಪುವುದು ಇಲ್ಲಿ. ಅರ್ಧ ಕಿಣ್ವವನ್ನು ನಿಜವಾಗಿಯೇ ತಡೆದರೂ ಉಂಡ ತುಪ್ಪವೆಲ್ಲ ಮೈಗೆ ಹತ್ತುವುದಕ್ಕೆ ಉಳಿದರ್ಧ ಧಾರಾಳವಾಗಿ ಸಾಕು.

ಇನ್ನು ಅರ್ಧ ತಡೆಯುತ್ತದೆ ಎಂಬುದಾದರೂ ಎಂತಹ ಪರೀಕ್ಷೆಯಿಂದ ಬಂದ ಮಾತು? ಅವರು ತೋರಿಸಿದ ವರದಿಯನ್ನು ಗಮನವಿಟ್ಟು ಓದಿದಾಗ ಪರೀಕ್ಷೆಗೆ ಎಣ್ಣೆಯನ್ನೇ ಬಳಸಿರಲಿಲ್ಲವೆಂದು ತಿಳಿಯಿತು. ಒಡೆದಾಗ ಹಳದಿ ಬಣ್ಣ ಕೊಡುವ, ಸಾಕಷ್ಟು ಮಟ್ಟಿಗೆ ನೀರಿನಲ್ಲಿ ಕರಗುವ ನೈಟ್ರೊಫಿನೈಲ್ ಎಸ್ಟರ್ ಎಂಬ ಕೃತಕ ವಸ್ತುವನ್ನು ಬಳಸಲಾಗಿತ್ತು. ಬಣ್ಣವನ್ನು ಯಂತ್ರದಲ್ಲಿ ಅಳೆಯುವುದು ಸುಲಭ, ಅಗ್ಗ. ಒಂದೇ ದಿನದಲ್ಲಿ ನೂರಾರು ಮಾದರಿಗಳನ್ನು ನೋಡಿ ಮುಗಿಸಬಹುದು. ಆದ್ದರಿಂದ ಪ್ರಾಥಮಿಕ ಶೋಧನೆಗೆ ಈ ವಿಧಾನವನ್ನು ಸಂಶೋಧಕರು ಬಳಸುವುದರಲ್ಲಿ ತಪ್ಪೇನೂ ಇಲ್ಲ. ತಪ್ಪಿರುವುದು ಅದನ್ನು ಹೊಟ್ಟೆಯ ಲೆಕ್ಕವೆಂದು ಮಾರುವುದರಲ್ಲಿ. ಹನಿಯ ಮೇಲ್ಮೈ ಇಲ್ಲ, ಪಿತ್ತಲವಣವಿಲ್ಲ, ಕೋಲೈಪೇಸ್ ಇಲ್ಲ. ಹಿಂದೆ ಹೇಳಿದ ನಾಲ್ವರಲ್ಲಿ ಒಬ್ಬರೇ ಹಾಜರು.

ಇದರ ಜೊತೆಗೆ ಗಿಡಮೂಲಿಕೆಗಳದೇ ಆದ ಒಂದು ಮೋಸವುಂಟು. ಒಗರಾದ ವಸ್ತುಗಳಲ್ಲೆಲ್ಲ ಟ್ಯಾನಿನ್ ಇರುತ್ತದೆ. ಅದು ಯಾವ ಪ್ರೋಟೀನನ್ನಾದರೂ ಹಿಡಿದು ಗಂಟು ಕಟ್ಟಿಸುತ್ತದೆ. ಚರ್ಮ ಹದ ಮಾಡುವವರು ತಂಗಡಿ ತೊಗಟೆಯನ್ನು ಬಳಸುತ್ತಿದ್ದುದು ಈ ಗುಣಕ್ಕಾಗಿಯೇ. ಚಹಾ, ದಾಳಿಂಬೆ ಸಿಪ್ಪೆ, ಅಳಲೆಕಾಯಿಗಳ ಸಾರ ಪ್ರನಾಳಿಕೆಯಲ್ಲಿ ಲೈಪೇಸನ್ನು ತಡೆದರೆ ಆಶ್ಚರ್ಯವಿಲ್ಲ, ಇತರ ಅನೇಕ ಕಿಣ್ವಗಳನ್ನೂ ಅದು ಹಾಗೆಯೇ ತಡೆದೀತು. ಊಟದ ಜೊತೆ ಹೊಟ್ಟೆಗೆ ಹೋದಾಗ ಆ ಟ್ಯಾನಿನ್ ಬೇಳೆ, ಹಾಲುಗಳ ಪ್ರೋಟೀನಿಗೆ ಅಂಟಿಕೊಂಡು ಖರ್ಚಾಗುವ ಸಂಭವವೇ ಹೆಚ್ಚು. ಅಂಟುವಾಳ, ಸೀಗೆಗಳಲ್ಲಿರುವಂತಹ ನೊರೆಯ ಅಂಶವು ಹನಿಯ ಮೇಲ್ಮೈಯನ್ನೇ ಕದಡಿ, ಕಿಣ್ವಕ್ಕೆ ಏನೂ ಮಾಡದೆ ‘ತಡೆ’ಯೆಂಬ ಭ್ರಮೆಯನ್ನು ಹುಟ್ಟಿಸಬಲ್ಲುದು.

ನಂಬತಕ್ಕ ಪರೀಕ್ಷೆ ಹೇಗಿರಬೇಕು? ಆಲಿವ್ ಎಣ್ಣೆ ಅಥವಾ ಟ್ರೈಬ್ಯುಟಿರಿನ್ ಎಂಬ ಸರಳ ಕೊಬ್ಬಿನ ಹನಿಗಳಿರಬೇಕು, ಪಿತ್ತಲವಣ ಮತ್ತು ಕೋಲೈಪೇಸ್ ಸೇರಿರಬೇಕು. ಹೊರಬರುವ ಆಮ್ಲವನ್ನು ಕ್ಷಾರದಿಂದ ಸರಿದೂಗಿಸುತ್ತ, ವ್ಯಯವಾದ ಕ್ಷಾರದ ಪ್ರಮಾಣದಿಂದ ಕಿಣ್ವದ ವೇಗವನ್ನು ಅಳೆಯಬೇಕು. ಎಣ್ಣೆ ಗಿರಣಿಯ ಪ್ರಯೋಗಶಾಲೆಯಲ್ಲಿ ಆಮ್ಲಾಂಶ ನೋಡುವ ವಿಧಾನದ ಬಂಧುವೇ ಇದು. ಜೊತೆಗೆ ಆರ್ಲಿಸ್ಟಾಟನ್ನು ಹೋಲಿಕೆಗಾಗಿ ಇಟ್ಟು, ಸಾರವು ಎಷ್ಟು ಮಿಲಿಗ್ರಾಂನಲ್ಲಿ ಅದೇ ಫಲ ಕೊಡುತ್ತದೆ ಎಂದು ತೋರಿಸಬೇಕು. ಇಷ್ಟೂ ಆದಮೇಲೆ, ಮನುಷ್ಯರ ಮಲದಲ್ಲಿ ಕೊಬ್ಬು ಹೆಚ್ಚಿತೇ ಎಂಬ ನೇರ ಸಾಕ್ಷ್ಯ. ಅದಿಲ್ಲದೆ ‘ಕೊಬ್ಬು ತಡೆಯುತ್ತದೆ’ ಎಂದು ಬರೆಯಲು ಆಧಾರವಿಲ್ಲ.

ಇದೇ ಸಂದರ್ಭದಲ್ಲಿ ಮಲೆನಾಡಿನ ಉಪ್ಪಾಗೆಯ ಮಾತನ್ನೂ ಹೇಳಿಬಿಡುವುದು ಒಳಿತು. ಉತ್ತರ ಕನ್ನಡ ಮತ್ತು ಘಟ್ಟದ ಇತರ ಪ್ರದೇಶಗಳಿಂದ ಒಣಗಿಸಿದ ಉಪ್ಪಾಗೆ ಸಿಪ್ಪೆ ತೂಕ ಇಳಿಸುವ ಸಾರಗಳಿಗಾಗಿ ಹೊರಗೆ ಹೋಗುತ್ತದೆ. ಕೆಲವು ಮಾರಾಟಗಾರರು ಅದನ್ನೂ ಲೈಪೇಸ್ ಪ್ರತಿಬಂಧಕವೆಂದು ಹೇಳುವುದನ್ನು ಕೇಳಿದ್ದೇನೆ. ಅದರಲ್ಲಿನ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ತಡೆಯುವುದಾಗಿ ಹೆಸರಾದ ಕಿಣ್ವ ಬೇರೆ, ಅದು ದೇಹದೊಳಗೆ ಹೊಸ ಕೊಬ್ಬನ್ನು ಕಟ್ಟುವ ದಾರಿಯಲ್ಲಿರುವ ಸಿಟ್ರೇಟ್ ಲಯೇಸ್. 1998ರಲ್ಲಿ ಅಮೆರಿಕದಲ್ಲಿ 135 ಜನರ ಮೇಲೆ 12 ವಾರ ನಡೆಸಿದ ಪ್ರಯೋಗದಲ್ಲಿ ಹುಸಿಗುಳಿಗೆಗಿಂತ ಹೆಚ್ಚಿನ ತೂಕ ಇಳಿಕೆ ಅದರಿಂದ ಕಂಡುಬರಲಿಲ್ಲ. ಮೀನಿನ ಸಾರಿಗೆ ಹುಳಿಯಾಗಿ ಉಪ್ಪಾಗೆಗೆ ಇರುವ ಮಾನ ಬೇರೆಯೇ.

ವ್ಯಾಪಾರದ ಕೆಲವು ಅಂಶಗಳು

ಆರ್ಲಿಸ್ಟಾಟಿಗೆ ಅಮೆರಿಕದಲ್ಲಿ ಪೇಟೆಂಟ್ ದೊರೆತದ್ದು 1986ರಲ್ಲಿ, ಮಾರಾಟಕ್ಕೆ ಒಪ್ಪಿಗೆ ದೊರೆತದ್ದು 1999ರಲ್ಲಿ, ಪೇಟೆಂಟ್ ಅವಧಿ ತೀರಿದ್ದು 2009ರಲ್ಲಿ. 2007ರಿಂದ 60 ಮಿಲಿಗ್ರಾಂನ ಗುಳಿಗೆಯನ್ನು ವೈದ್ಯರ ಚೀಟಿಯಿಲ್ಲದೆಯೇ ಅಲ್ಲಿ ಮಾರಲು ಅವಕಾಶವಾಯಿತು. ಜಪಾನಿನಲ್ಲಿ ಅಂತಹ ಮಾರಾಟ 2024ರಲ್ಲಿ ಆರಂಭವಾಗಿದೆ. ಭಾರತದಲ್ಲಿ 2005ಕ್ಕೆ ಮೊದಲು ಔಷಧದ ಅಣುವಿಗೆ ಪೇಟೆಂಟ್ ಇರಲಿಲ್ಲ, ತಯಾರಿಕಾ ವಿಧಾನಕ್ಕೆ ಮಾತ್ರ ಇತ್ತು. ಆದ್ದರಿಂದ ಬೇರೆ ವಿಧಾನ ಕಂಡುಕೊಂಡ ನಮ್ಮ ಕಂಪನಿಗಳಿಗೆ ದಾರಿ ತೆರೆದಿತ್ತು. ಬೆಂಗಳೂರಿನ ಬಯೋಕಾನ್ ಸಂಸ್ಥೆ 1978ರಲ್ಲಿ ಆರಂಭವಾದದ್ದು ಪರಂಗಿ ಕಾಯಿಯ ಕಿಣ್ವದಂತಹ ಪದಾರ್ಥಗಳ ತಯಾರಿಕೆಯಿಂದ. 2007ರಲ್ಲಿ ತನ್ನ ಕಿಣ್ವ ವಿಭಾಗವನ್ನು ಅದು ನೋವೋಜೈಮ್ಸ್‌ಗೆ ಮಾರಿತು. ಸೂಕ್ಷ್ಮಜೀವಿಗಳನ್ನು ತೊಟ್ಟಿಗಳಲ್ಲಿ ಬೆಳೆಸುವ ವಿದ್ಯೆಯನ್ನು ಔಷಧಗಳತ್ತ ತಿರುಗಿಸಿದ ಆ ಸಂಸ್ಥೆಯ ಮೂಲದ್ರವ್ಯಗಳ ಪಟ್ಟಿಯಲ್ಲಿ ಆರ್ಲಿಸ್ಟಾಟ್ ಕೂಡ ಸೇರಿದೆ. ಕಿಣ್ವವನ್ನು ಮಾರಿ ಕಿಣ್ವದ ಪ್ರತಿಬಂಧಕವನ್ನು ಉಳಿಸಿಕೊಂಡಂತಾಯಿತು!

ದಾಸ್ತಾನು ಮಾಡುವವರು ತಿಳಿದಿರಬೇಕಾದ ಒಂದು ಸಂಗತಿ: ಆರ್ಲಿಸ್ಟಾಟ್ ಸುಮಾರು 44 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕರಗುತ್ತದೆ, ತೇವಕ್ಕೆ ಆ ಬಿಗಿಯುಂಗುರ ಬಿಚ್ಚಿಕೊಂಡು ಔಷಧ ಕೆಡುತ್ತದೆ. ಬೇಸಿಗೆಯಲ್ಲಿ ರಾಯಚೂರು, ಕಲಬುರಗಿಗಳ ಹವೆಯೇ 40 ಡಿಗ್ರಿ ದಾಟುವಾಗ ಮುಚ್ಚಿದ ಲಾರಿಯೊಳಗಿನ ಶಾಖ ಎಷ್ಟಿರುತ್ತದೆಂದು ಹೇಳಬೇಕಾಗಿಲ್ಲ. ಔಷಧದ ಸಗಟು ವ್ಯಾಪಾರಿಗಳು ಸಾಗಣೆಯ ಕರಾರಿನಲ್ಲಿಯೇ ಇದನ್ನು ಬರೆಸಿಕೊಳ್ಳುವುದು ಲೇಸು.

ಇದೇ ಕಿಣ್ವಕ್ಕೆ ತದ್ವಿರುದ್ಧವಾದ ವ್ಯಾಪಾರವೊಂದೂ ಇದೆ. ಮೇದೋಜೀರಕ ಕೆಟ್ಟು ಲೈಪೇಸ್ ಬತ್ತಿಹೋದ ರೋಗಿಗಳಿಗೆ ಅದನ್ನು ಹೊರಗಿನಿಂದ ಕೊಡಬೇಕಾಗುತ್ತದೆ. ಕೇರಳ ಮೊದಲಾದ ದಕ್ಷಿಣದ ಪ್ರಾಂತಗಳಲ್ಲಿ ಮೇದೋಜೀರಕದೊಳಗೆ ಕಲ್ಲುಗಟ್ಟುವ ಉಷ್ಣವಲಯದ ಕಾಯಿಲೆ ವೈದ್ಯರಿಗೆ ಬಹುಕಾಲದಿಂದ ಪರಿಚಿತ. ಇವರಿಗೆ ಕೊಡುವ ಪ್ಯಾಂಕ್ರಿಯಾಟಿನ್ ಗುಳಿಗೆಗಳನ್ನು ಹಂದಿಯ ಮೇದೋಜೀರಕದಿಂದ ತಯಾರಿಸಲಾಗುತ್ತದೆ. ಔಷಧ ಅಂಗಡಿಯ ಅನೇಕ ಮಾಲೀಕರಿಗೂ ಇದು ತಿಳಿದಿಲ್ಲ. ಕೇಳುವ ಗಿರಾಕಿಗೆ ಮರೆಮಾಚದೆ ಹೇಳಬೇಕಾದ ವಿಷಯವಿದು. ಲೈಪೇಸ್ ಜಠರದ ಆಮ್ಲದಲ್ಲಿ ಶಾಶ್ವತವಾಗಿ ಕೆಡುವುದರಿಂದ ಕರುಳಿನಲ್ಲಿ ಮಾತ್ರ ಕರಗುವ ಲೇಪನ ಆ ಗುಳಿಗೆಗಳಿಗೆ ಅಗತ್ಯ. ಅವುಗಳನ್ನು ಪುಡಿಮಾಡಿ ಕೊಡಬಾರದೆನ್ನುವುದಕ್ಕೆ ಇದೇ ಕಾರಣ.

2025ರಲ್ಲಿ ಟಿರ್ಜೆಪಟೈಡ್ ಮತ್ತು ಸೆಮಾಗ್ಲುಟೈಡ್ ಎಂಬ ತೂಕ ಇಳಿಸುವ ಚುಚ್ಚುಮದ್ದುಗಳು ಭಾರತದ ಮಾರುಕಟ್ಟೆಗೆ ಬಂದ ಮೇಲೆ ಎಲ್ಲರ ಕಣ್ಣೂ ಅತ್ತ ಹೊರಳಿದೆ. ಅವು ಹಸಿವನ್ನೇ ತಗ್ಗಿಸುತ್ತವೆ, ತೂಕವನ್ನು ಹೆಚ್ಚು ಇಳಿಸುತ್ತವೆ. ಆರ್ಲಿಸ್ಟಾಟಿನ ಸ್ಥಾನ ಇನ್ನಷ್ಟು ಕಿರಿದಾದೀತು ಎಂಬುದು ನನ್ನ ಅಭಿಪ್ರಾಯ. ಆದರೆ ಚುಚ್ಚುಮದ್ದಿನ ಬೆಲೆ ಎಟುಕದವರೇ ಅಗ್ಗದ ‘ಗಿಡಮೂಲಿಕೆ’ ಪುಡಿಯ ಗಿರಾಕಿಗಳಾಗುವುದರಿಂದ ಆ ಪುಡಿಗಳ ಭರಾಟೆ ತಗ್ಗುವ ಸೂಚನೆಯಿಲ್ಲ.

ಅಲ್ಲಿನ ಅಪಾಯ ಬರಿಯ ಸುಳ್ಳು ಲೇಬಲಿನದಲ್ಲ. ಪರಿಣಾಮ ಕಾಣದ ಪುಡಿಗೆ ಯಾರಾದರೂ ನಿಜವಾದ ಔಷಧವನ್ನು ಗುಟ್ಟಾಗಿ ಬೆರೆಸಿರಬಹುದು. 2010ರ ಜನವರಿಯಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಒಂದು ಎಚ್ಚರಿಕೆ ನೀಡಿತು. 60 ಮಿಲಿಗ್ರಾಂ ಆರ್ಲಿಸ್ಟಾಟಿನ ನಕಲಿ ಗುಳಿಗೆಗಳಲ್ಲಿ ಆರ್ಲಿಸ್ಟಾಟ್ ಇರಲೇ ಇಲ್ಲ, ಬದಲಿಗೆ ಸಿಬುಟ್ರಮಿನ್ ಇತ್ತು. ಹೃದಯಕ್ಕೆ ಅಪಾಯವೆಂದು ಆ ಔಷಧವನ್ನು ಅದೇ ವರ್ಷ ಯೂರೋಪು ಮತ್ತು ಅಮೆರಿಕಗಳ ಮಾರುಕಟ್ಟೆಗಳಿಂದ ತೆಗೆಯಲಾಯಿತು, ಭಾರತದಲ್ಲಿ 2011ರಲ್ಲಿ ನಿಷೇಧಿಸಲಾಯಿತು. ಹೊರಗಿನಿಂದ ಸಾರದ ಪುಡಿ ಕೊಂಡು ತಮ್ಮ ಹೆಸರಿನಲ್ಲಿ ಪೊಟ್ಟಣ ಕಟ್ಟುವ ಸಣ್ಣ ತಯಾರಕರು ಇಂತಹ ಬೆರಕೆಯ ಹೊಣೆಯನ್ನು ಸರಬರಾಜುದಾರನ ಮೇಲೆ ಹೊರಿಸಿ ಪಾರಾಗುವುದು ಸುಲಭವಲ್ಲ. ಪೊಟ್ಟಣದ ಮೇಲಿರುವುದು ತಯಾರಕರ ಹೆಸರು.

ಕಾನೂನಿನ ಎರಡು ಮಾತು. ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತುಗಳ) ಅಧಿನಿಯಮ, 1954ರ ಅನುಸೂಚಿಯಲ್ಲಿ ಸ್ಥೂಲಕಾಯವೂ ಸೇರಿದೆ. ಅದನ್ನು ಗುಣಪಡಿಸುವುದಾಗಿ ಔಷಧವೊಂದನ್ನು ಜಾಹೀರಾತು ಮಾಡುವುದು ಅಪರಾಧ. ಔಷಧವಲ್ಲ, ಪೂರಕ ಆಹಾರ ಎಂದು ಮಾರುವುದಾದರೆ 2006ರ ಆಹಾರ ಸುರಕ್ಷತಾ ಅಧಿನಿಯಮ ಅನ್ವಯಿಸುತ್ತದೆ. ದಾರಿ ತಪ್ಪಿಸುವ ಜಾಹೀರಾತಿಗೆ ಅದರ 53ನೆಯ ಪ್ರಕರಣದಂತೆ ಹತ್ತು ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದು. ‘ಔಷಧವಾಗಿ ಬಳಸತಕ್ಕದ್ದಲ್ಲ’ ಎಂಬ ಅರ್ಥದ ಸೂಚನೆಯನ್ನು ಲೇಬಲಿನ ಮೇಲೆ ಹಾಕಿ, ಅದೇ ಲೇಬಲಿನಲ್ಲಿ ಕೊಬ್ಬಿನ ಕಿಣ್ವವನ್ನು ತಡೆಯುತ್ತದೆಂದು ಬರೆದರೆ ಆ ಎರಡು ಸಾಲುಗಳು ಒಂದನ್ನೊಂದು ಸುಳ್ಳಾಗಿಸುತ್ತವೆ.

ಇಷ್ಟನ್ನೂ ನಾನು ಆ ಸದಸ್ಯರಿಗೆ ವಿವರಿಸಿದೆ. ಅವರು ಸರಬರಾಜುದಾರನಿಗೆ ನಾಲ್ಕು ಪ್ರಶ್ನೆಗಳನ್ನು ಬರೆದು ಕಳುಹಿಸಿದರು: ಪರೀಕ್ಷೆಯಲ್ಲಿ ಬಳಸಿದ ಕೊಬ್ಬು ಯಾವುದು, ಪಿತ್ತಲವಣ ಮತ್ತು ಕೋಲೈಪೇಸ್ ಇದ್ದವೇ, ಆರ್ಲಿಸ್ಟಾಟಿನೊಂದಿಗೆ ಹೋಲಿಸಿದರೆ ಫಲವೆಷ್ಟು, ಮತ್ತು ಸಾರದಲ್ಲಿ ಆರ್ಲಿಸ್ಟಾಟ್, ಸಿಬುಟ್ರಮಿನ್‌ಗಳು ಬೆರೆತಿಲ್ಲವೆಂದು ಮಾನ್ಯತೆ ಪಡೆದ ಪ್ರಯೋಗಶಾಲೆಯ ಪ್ರಮಾಣಪತ್ರವಿದೆಯೇ. ಮುಂಗಡ ಹಣವನ್ನು ಉತ್ತರ ಬರುವವರೆಗೆ ತಡೆಹಿಡಿದಿದ್ದಾರೆ. ಈ ಲೇಖನ ಅಚ್ಚಿಗೆ ಹೋಗುವ ಹೊತ್ತಿಗೆ ದರಪಟ್ಟಿ ಮಾತ್ರ ಎರಡನೆಯ ಬಾರಿ ಬಂದಿದೆ, ಮೊದಲಿಗಿಂತ ಸ್ವಲ್ಪ ಇಳಿದ ದರದಲ್ಲಿ.